ಹಿತ್ತಲಿಗೆ ಬಂದ ಕಳೆ

ನೆನಪು ಕೈಕೊಡುವ ಜನರಲ್ಲಿ ಎರಡು ಜಾತಿ. ತಮಗೆ ಏನೂ ನೆನಪಿರುವುದಿಲ್ಲ ಎಂದು ತಿಳಿದವರು ಒಂದು. ಅವರಿಂದ ಯಾರಿಗೂ ತೊಂದರೆಯಿಲ್ಲ. ಧೋತರದ ಚುಂಗಿಗೆ ಗಂಟು ಹಾಕಿಕೊಂಡು ಹೇಗೋ ಸಂಸಾರ ಸಾಗಿಸುತ್ತಾರೆ. ನಾನು ಎರಡನೆಯ ಜಾತಿಯವನು. ನನಗೆ ಎಲ್ಲವೂ ನೆನಪಿರುತ್ತದೆ, ಆದರೆ ನಡೆದ ಹಾಗೆ ಅಲ್ಲ. ಹಾನಗಲ್ಲಿನ ಶಾಲೆಯಲ್ಲಿ ಮಾಸ್ತರನಾಗಿದ್ದಾಗ ನನ್ನ ಕೊಡೆಯನ್ನು ಶಿಗ್ಗಾಂವಿಯ ಬೀಗರ ಮನೆಯಲ್ಲಿ ಬಿಟ್ಟು ಬಂದೆನೆಂದು ಖಚಿತವಾಗಿ ನೆನಪಿಟ್ಟುಕೊಂಡು ಅವರಿಗೆ ಎರಡು ಕಾಗದ ಬರೆದೆ. ಅವರು ಮರ್ಯಾದೆಗೆ ಅಂಜಿ ಹೊಸ ಕೊಡೆಯನ್ನು ಕಳಿಸಿದರು. ಅದರ ಮರುದಿನ ಹಳೆಯದು ನಮ್ಮ ಅಟ್ಟದ ಮೇಲೆ ಸಿಕ್ಕಿತು. ಪುಣೆಯಲ್ಲಿ ನಾಲ್ಕು ವರ್ಷ ತರ್ಕಶಾಸ್ತ್ರ ಓದಿ ಎಲ್ಲವನ್ನೂ ಸಂಶಯಿಸಲು ಕಲಿತು ಬಂದವನು ನಾನು. ದೇವರು, ಜ್ಯೋತಿಷ್ಯ, ಸ್ಟೇಶನ್ನಿನ ಗಡಿಯಾರ, ಯಾವುದನ್ನೂ ಬಿಟ್ಟಿಲ್ಲ. ನನ್ನ ನೆನಪನ್ನು ಸಂಶಯಿಸುವ ಕೆಲಸವನ್ನು ಮಾತ್ರ ಹೆಂಡತಿ ಪಾರ್ವತಿಗೆ ಬಿಟ್ಟುಕೊಟ್ಟಿದ್ದೆ. ಆಕೆ ಅದನ್ನು ನಿಷ್ಠೆಯಿಂದ ಮಾಡುತ್ತ ಬಂದಿದ್ದಾಳೆ.

ಹುಲ್ಲಿನ ಪ್ರಕರಣ ನಡೆದದ್ದು ನಾವು ಸವಣೂರಿಗೆ ಬಂದ ಮೇಲೆ, ಯುದ್ಧದ ದಿನಗಳಲ್ಲಿ. ಬಾಡಿಗೆ ಮನೆಯ ಹಿಂದೆ ಒಂದು ಹಿತ್ತಲಿತ್ತು. ಪುಣೆಯಲ್ಲಿ ನಮ್ಮ ಪ್ರೊಫೆಸರರೊಬ್ಬರ ಬಂಗಲೆಯ ಮುಂದೆ ಹೂವಿನ ಬದಲು ಬರೀ ಹುಲ್ಲು ಬೆಳೆಸಿದ್ದರು. ಮಳೆಗಾಲ ಮುಗಿದು ಬಿಸಿಲು ಬಿದ್ದ ಕೂಡಲೆ ಅದು ತಾಮ್ರದ ಕೊಡ ತಿಕ್ಕಿ ಇಟ್ಟ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಮಾಸೂರಿನ ಕೆರೆಯ ಏರಿ ನೆನಪಾಗುತ್ತಿತ್ತು. ಅಲ್ಲಿ ನಮ್ಮ ಹೊಲ. ನನಗೆ ನಾಲ್ಕು ವರ್ಷ. ಶೀಗಿ ಹುಣ್ಣಿಮೆಯ ದಿನ. ಬಸುರಿಯಾದ ಭೂಮಿಗೆ ಉಣ್ಣಿಸುವ ಹಬ್ಬವದು. ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಪೈರಿನ ಮೇಲೆ ಅನ್ನ ಕಡಬುಗಳ ಚರಗ ಚೆಲ್ಲುತ್ತಾರೆ. ನನ್ನ ಅವ್ವ ನನ್ನನ್ನು ಸೊಂಟದ ಮೇಲೆ ಕೂಡಿಸಿಕೊಂಡು, ಇನ್ನೊಂದು ಕೈಯಿಂದ ಚರಗ ಬೀಸುತ್ತ, ‘ಹುಲ್ಲುಲ್ಲಿಗೋ’ ಎಂದು ಕೂಗಿದಳು. ಸುತ್ತಲೂ ಎದೆಯೆತ್ತರದ ಕರಡದ ಹುಲ್ಲು ಕುಂಕುಮದ ಹಾಗೆ ಕೆಂಪಾಗಿತ್ತು. ಅವ್ವ ಅದೇ ವರ್ಷ ತೀರಿಕೊಂಡಳು. ಆಕೆಯದೊಂದು ಫೋಟೋ ಸಹ ಇಲ್ಲ. ನನ್ನ ಹತ್ತಿರ ಇರುವುದು ಇದೊಂದೇ ಚಿತ್ರ.

ಇದನ್ನು ಪಾರ್ವತಿಗೆ ಹೇಳಿ, ಹಿತ್ತಲಿನಲ್ಲಿ ಕರಡ ಬೆಳೆಸೋಣ ಎಂದೆ. ಆಕೆ ಹಿರೇಕೆರೂರಿನವಳು, ಮಾಸೂರು ಅವಳ ತವರಿನ ಅಂಗಳವಿದ್ದ ಹಾಗೆ.

‘ಆ ಏರಿ ಮ್ಯಾಲೆ ನಾನೂ ಸಗಣಿ ಆರಿಸೇನ್ರಿ,’ ಎಂದಳು. ‘ಅಲ್ಲಿ ಹುಲ್ಲು ಕೆಂಪ ಆಗೂದಿಲ್ಲ. ಒಣಗತೈತಿ. ಒಣಗೂದಕ್ಕ ಪುಣೆದಾಗ ಬಣ್ಣ ಬರೂದು ಅಂತಾರೇನು?’

‘ನನಗ ಪಕ್ಕಾ ನೆನಪೈತಿ,’ ಎಂದೆ.

‘ಶಿಗ್ಗಾಂವಿ ಕೊಡೀನೂ ಹಿಂಗ ಪಕ್ಕಾ ನೆನಪಿತ್ತು.’

ಮಾತಿಗೆ ಮಾತು ಬೆಳೆದು ಪಂದ್ಯವಾಯಿತು. ಶೀಗಿ ಹುಣ್ಣಿಮೆಯೊಳಗೆ ಹುಲ್ಲು ಕೆಂಪಾದರೆ ಆಕೆ ಇನ್ನು ಮೇಲೆ ಕೊಡೆಯ ಹೆಸರು ಎತ್ತಬಾರದು. ಆಗದಿದ್ದರೆ ನಾನು ‘ನನಗ ಪಕ್ಕಾ ನೆನಪೈತಿ’ ಎಂಬ ಮಾತನ್ನು ಈ ಮನೆಯಲ್ಲಿ ಆಡಕೂಡದು. ಹಿತ್ತಲಿನಲ್ಲಿ ಬದನೆ ಹಚ್ಚಬೇಕು. ಪಾರ್ವತಿಗೆ ಅದು ಬದನೆಯ ಪಂದ್ಯ. ನನಗೆ ಹಾಗಿರಲಿಲ್ಲ. ಹುಲ್ಲಿನ ಬಣ್ಣವೇ ಸುಳ್ಳಾದರೆ, ಆ ಹುಲ್ಲಿನ ನಡುವೆ ನಿಂತವಳ ಗತಿಯೇನು? ಮಾಸೂರಿನಲ್ಲಿ ಅಪ್ಪನ ಅಕ್ಕ ಗಂಗತ್ತಿ ಇನ್ನೂ ಇದ್ದಳು. ಒಂದು ಕಾರ್ಡು ಬರೆದು ಕೇಳಿದ್ದರೆ ಮುಗಿಯುತ್ತಿತ್ತು. ಸಾಕ್ಷಿಗಿಂತ ಪ್ರಯೋಗ ಮೇಲು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ ಕೇಳಲು ಅಂಜಿಕೆಯಾಗಿತ್ತು.

ಬೇಸಿಗೆಯ ಸೂಟಿಯಲ್ಲಿ ಮಾಸೂರಿಗೆ ಹೋಗಿ, ಅದೇ ಏರಿಯಿಂದ ಕರಡದ ಬುಡಗಳನ್ನು ಅಗೆದು, ಗೋಣಿಚೀಲದಲ್ಲಿ ತುಂಬಿಕೊಂಡು ಬಂದೆ. ಆಗ ಪೆಟ್ರೋಲು ಇಲ್ಲದೆ ಇದ್ದಿಲ ಹೊಗೆಯಿಂದ ಓಡುವ ಮೋಟಾರು. ಏರು ಬಂದಲ್ಲೆಲ್ಲ ಇಳಿದು ನೂಕಬೇಕು. ಕಂಡಕ್ಟರನು ಚೀಲವನ್ನು ಮೂಸಿ ನೋಡಿ, ‘ಏನ್ರೀ ಮಾಸ್ತರ, ಸವಣೂರಾಗ ಹುಲ್ಲಿಗೂ ಬರ ಬಿದ್ದೈತೇನ್ರಿ? ಎಷ್ಟ ಎಮ್ಮಿ ಅದಾವ್ರಿ ಮನ್ಯಾಗ?’ ಎಂದ. ಎಮ್ಮೆ ಇಲ್ಲ, ನೋಡುವುದಕ್ಕೆ ಎಂದೆ. ಅವನು ಹಾವೇರಿಯವರೆಗೂ ನನ್ನ ಜೊತೆ ಮಾತಾಡಲಿಲ್ಲ. ಹುಚ್ಚರನ್ನು ಕೆಣಕಬಾರದೆಂದು ಅವನಿಗೆ ಯಾರೋ ಒಳ್ಳೆಯ ಬುದ್ಧಿ ಹೇಳಿರಬೇಕು.

ನೆಟ್ಟದ್ದೇನೋ ಬೆಳೆಯಿತು. ಹುಲ್ಲು ಬೆಳೆಯುವುದಕ್ಕೆ ವಿದ್ಯೆ ಬೇಡ; ಬೆಳೆಯದಂತೆ ಮಾಡುವುದಕ್ಕೆ ಬೇಕು. ನಾನು ಅದಕ್ಕೆ ನೀರು ಹಾಕಿ, ಗೊಬ್ಬರ ಹಾಕಿ, ನಡುವೆ ಹುಟ್ಟಿದ ಹರಿವೆ, ರಾಜಗೀರಿಗಳನ್ನು ಕಳೆಯೆಂದು ಕಿತ್ತು ಒಗೆಯುತ್ತಿದ್ದೆ. ಪಾರ್ವತಿ ನನ್ನ ಹಿಂದೆಯೇ ಬಂದು ಅವನ್ನು ಆರಿಸಿಕೊಂಡು ಹೋಗಿ ಪಲ್ಯ ಮಾಡುತ್ತಿದ್ದಳು. ‘ಹೆಚ್ಚು ಧಾನ್ಯ ಬೆಳೆಯಿರಿ’ ಎಂಬ ಕಾಗದ ಶಾಲೆಯ ಗೋಡೆಗೆ ಅಂಟಿಸಿದ್ದ ಕಾಲವದು. ಉಳಿದ ಮಾಸ್ತರರು ತಮ್ಮ ತಮ್ಮ ಹಿತ್ತಲಿನ ಬೆಂಡೆ, ಚವಳಿಗಳ ಸಮಾಚಾರ ಹೇಳಿಕೊಳ್ಳುವಾಗ ನಾನು ಕಿಡಿಕಿಯ ಹೊರಗೆ ನೋಡುತ್ತಿದ್ದೆ. ಗುಟ್ಟು ಬಹಳ ದಿನ ಉಳಿಯಲಿಲ್ಲ. ಕರಡ ತೆನೆಬಿಟ್ಟಿತು. ಅದರ ತೆನೆಗೆ ಸೂಜಿಯಂಥ ಬಾಲವಿದ್ದು ತಗುಲಿದ ಬಟ್ಟೆಯನ್ನು ಹೊಕ್ಕು ಕೂಡುತ್ತದೆ. ನನ್ನ ಧೋತರದ ತುಂಬ ಕರಡ. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನಿಂದ ಯಾರೋ ‘ಹೋರಿ ಬಂತಲೇ’ ಎನ್ನುತ್ತಿದ್ದರು.

ನಮ್ಮ ಹಿತ್ತಲಿಗೆ ಹೊಂದಿ ಹುಸೇನಸಾಬನ ಎಲೆಬಳ್ಳಿಯ ತೋಟ. ಒಂದೊಂದು ಬಳ್ಳಿಯನ್ನೂ ಮಗುವಿಗೆ ಜಡೆ ಹಾಕಿದಂತೆ ಕಟ್ಟಿ ಸಾಕುವ ಮನುಷ್ಯ. ಬೇಲಿಯ ಆಚೆ ನಿಂತು ದಿನವೂ ಬೆಳಿಗ್ಗೆ ನನ್ನ ಬೇಸಾಯ ನೋಡಿ ಹೋಗುತ್ತಿದ್ದ. ಒಂದು ದಿನ ನಾನೇ ಕೇಳಿದೆ, ‘ಹ್ಯಾಂಗ ಸಾಬರ, ಹಿತ್ತಲಕ್ಕ ಈಗ ಒಂದ ಕಳಿ ಬಂತಲ್ಲ?’

ಅವನು ಎಲೆಯನ್ನು ದವಡೆಗೆ ಸರಿಸಿ ವಿಚಾರ ಮಾಡಿದ. ‘ಖರೆ ಅದರಿ ಮಾಸ್ತರ,’ ಎಂದ, ‘ಬರೇ ಕಳೀನ ಬಂದೈತಿ.’

ನಮ್ಮ ಭಾಷೆಯಲ್ಲಿ ಮುಖದ ಮೇಲಿನ ತೇಜಸ್ಸಿಗೂ ಹೊಲದಲ್ಲಿನ ಕಸಕ್ಕೂ ಒಂದೇ ಮಾತು ಇಟ್ಟವರು ಯಾರೋ ತಿಳಿಯದು. ಅವನು ಚೇಷ್ಟೆ ಮಾಡಿದನೋ ಒಪ್ಪಿಕೊಂಡನೋ ಇಂದಿಗೂ ನನಗೆ ಗೊತ್ತಾಗಿಲ್ಲ.

ನವರಾತ್ರಿ ಬಂತು, ಹೋಯಿತು. ಹುಲ್ಲು ಹಸಿರೇ ಇತ್ತು. ನಾನು ದಿನಕ್ಕೆ ಮೂರು ಸಲ ಹಿತ್ತಲಿಗೆ ಹೋಗಿ, ಪರೀಕ್ಷೆಯ ಫಲ ಕಾಯುವವನ ಹಾಗೆ ನಿಂತು ಬರುತ್ತಿದ್ದೆ. ‘ಬೈಗುಳ ಬೈರಿ, ನಾಚಿ ಕೆಂಪಾದೀತು,’ ಎಂದಳು ಪಾರ್ವತಿ. ಕೊನೆಗೆ ಶೀಗಿ ಹುಣ್ಣಿಮೆಯ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಕರಡ ಕೆಂಪಾಗಿದೆ! ಕಂದಲ್ಲ, ಒಣಗಿದ್ದಲ್ಲ; ಬುಡದಿಂದ ತೆನೆಯವರೆಗೆ ಕೆಂಪು. ಬಿಸಿಲು ಹಿಂದಿನಿಂದ ಬಿದ್ದು ಹಿತ್ತಲೆಲ್ಲ ಉರಿಯುತ್ತಿದ್ದ ಹಾಗಿತ್ತು. ಅದರ ನಡುವೆ ನಿಂತುಕೊಂಡೆ. ಅವ್ವ ನಿಜವಾಗಿದ್ದಳು. ಅಷ್ಟೇ ನನಗೆ ಬೇಕಾಗಿತ್ತು.

ಹಬ್ಬಕ್ಕೆಂದು ಗಂಗತ್ತಿ ಆ ದಿನವೇ ಮಾಸೂರಿನಿಂದ ಬಂದಳು. ಕಾಲಿಗೆ ನೀರು ಕೊಟ್ಟವನು ಆಕೆಯನ್ನು ಕೂಡಲೂ ಬಿಡದೆ ಹಿತ್ತಲಿಗೆ ಕರೆದುಕೊಂಡು ಹೋದೆ. ಆಕೆ ಹಣೆಗೆ ಕೈ ಹಚ್ಚಿ ನೋಡಿದಳು.

‘ಅಯ್ಯ, ನಮ್ಮ ಏರಿ ಕರಡ! ಹಿಂಗ ಕೆಂಪಗ ಇರತಿತ್ತು ನೋಡು.’

ನಾನು ಪಾರ್ವತಿಯ ಕಡೆ ಒಮ್ಮೆ ನೋಡಿ, ‘ಮತ್ತ ಅವ್ವ ಇದರಾಗ ನಿಂತು, ನನ್ನ ಎತ್ತಿಕೊಂಡು ಚರಗ ಚೆಲ್ಲಿದ್ದು?’ ಎಂದೆ.

‘ನಿಮ್ಮವ್ವ? ಆಕಿ ಎಲ್ಲಿ ಬಂದಿದ್ಲೋ ತಮ್ಮಾ? ನಿನ್ನ ತಂಗಿನ್ನ ಹಡದು ಹನ್ನೊಂದು ದಿನ ಆಗಿದ್ದಿಲ್ಲ. ಹಸಿ ಬಾಣಂತಿ ಕೆರಿ ದಂಡಿಗೆ ಬರತಾಳೇನು? ನಿನ್ನ ಎತ್ತಿಕೊಂಡು ಚರಗ ಚೆಲ್ಲಿದಾಕಿ ನಾನ. ಸೊಂಟ ಮುರದು ಹೋತು, ಅಷ್ಟ ಭಾರ ಇದ್ದಿ.’

ಗಂಗತ್ತಿ ಬಗ್ಗಿ ಸೀರೆಯ ಅಂಚಿಗೆ ಹತ್ತಿದ ಕರಡವನ್ನು ಒಂದೊಂದಾಗಿ ಕೀಳತೊಡಗಿದಳು. ‘ನೀ ಮನ್ಯಾಗ ಹಟ ಮಾಡಾಕತ್ತಿದ್ದಿ,’ ಎಂದಳು. ‘ಆಕೀನ ಒಳಗಿಂದ ಕೂಗಿ ಹೇಳಿದ್ಲು, ಹುಡುಗನ್ನ ಕರಕೊಂಡು ಹೋಗ್ರಿ ಯಕ್ಕಾ, ಹೊಲಾ ನೋಡ್ಲಿ ಅಂತ.’

ಪ್ರಯೋಗ ಯಶಸ್ವಿಯಾಗಿತ್ತು, ಆದರೆ ನಿಜವೆಂದು ಸಿದ್ಧವಾದದ್ದು ಹುಲ್ಲು ಮಾತ್ರ. ಒಳಗೆ ಬಂದ ಮೇಲೆ ಪಾರ್ವತಿ ನನಗೆ ಚಹಾ ಕೊಡುತ್ತ ಮೆಲ್ಲಗೆ, ‘ಅತ್ತಿಯಾರಿಗೂ ವಯಸ್ಸಾತ್ರಿ. ಬಂದಾಗಿಂದ ನನ್ನ ಎರಡು ಸರತಿ ಶಾಂತವ್ವ ಅಂತ ಕರದಾರ. ಅವರಿಗೂ ತಪ್ಪಿರಬೇಕು,’ ಎಂದಳು. ಹತ್ತು ವರ್ಷ ನನ್ನ ಒಂದು ನೆನಪನ್ನೂ ಬಿಡದೆ ಜಾಲಾಡಿದವಳು ಆ ಹೊತ್ತು ಬೇರೆಯವರ ನೆನಪನ್ನು ಸಂಶಯಿಸಿದ್ದು ನನ್ನ ಸಲುವಾಗಿ. ನಾನೂ ಆ ಸಂಶಯವನ್ನು ಪರೀಕ್ಷೆ ಮಾಡದೆ, ಚಹದ ಜೊತೆಗೆ ಸುಮ್ಮನೆ ತೆಗೆದುಕೊಂಡೆ. ಆದರೂ ‘ಹೊಲಾ ನೋಡ್ಲಿ’ ಎಂಬ ಮಾತನ್ನು ಮಾತ್ರ ಗಂಗತ್ತಿ ಸರಿಯಾಗಿಯೇ ನೆನಪಿಟ್ಟಿರಬೇಕೆಂದು ನನ್ನ ಅಭಿಪ್ರಾಯ. ತರ್ಕಶಾಸ್ತ್ರ ಇದಕ್ಕೆ ಒಪ್ಪುವುದಿಲ್ಲ. ಪಂದ್ಯವನ್ನು ಗೆದ್ದರೂ ನಾನು ಔದಾರ್ಯದಿಂದ ಮರುವರ್ಷ ಹಿತ್ತಲನ್ನು ಪಾರ್ವತಿಗೆ ಬಿಟ್ಟುಕೊಟ್ಟೆ.

ಇಷ್ಟು ಬರೆದು ಇಂದು ಬೆಳಿಗ್ಗೆ ಆಕೆಗೆ ಓದಿ ತೋರಿಸಿದೆ. ಆಕೆ ಬದನೆಕಾಯಿ ಸೀಳುತ್ತ ಕೊನೆಯವರೆಗೂ ಕೇಳಿದಳು.

‘ಚಲೋ ಬರದೀರಿ. ಆದ್ರ ಅತ್ತಿಯಾರು ಬಂದದ್ದು ಶೀಗಿ ಹುಣ್ಣಿವಿಗಲ್ಲ, ದೀಪಾವಳಿಗೆ. ಹುಲ್ಲು ಕೆಂಪಾಗಿದ್ದೂ ಆವಾಗನ. ಹುಣ್ಣಿವಿ ದಿವಸ ಚಿತ್ತಿ ಮಳಿ ಜಡದು ನಿಮ್ಮ ಕರಡ ಹಸರ ಗಿಣಿ ಆಗಿತ್ತು. ಪಂದ್ಯ ಗೆದ್ದಾಕಿ ನಾನು.’

‘ಛೆ, ನನಗ ಪಕ್ಕಾ—’

‘ಹೂಂ, ಆ ಮಾತು ಆಡೂಹಂಗಿಲ್ಲ ನೀವು,’ ಎಂದಳು. ‘ಇಲ್ಲಾಂದ್ರ ಈ ಬದನಿಕಾಯಿ ಎಲ್ಲಿಂದ ಬಂದೂವ್ರಿ? ನಿಮ್ಮ ಔದಾರ್ಯದಾಗ ಬೆಳದಾವೇನು?’

ಕಿಡಿಕಿಯಿಂದ ನೋಡಿದೆ. ಹಿತ್ತಲಿನ ತುಂಬ ಬದನೆ. ಬದನೆ ಹಚ್ಚಿದವನು ನಾನೇ. ಕೈಯಲ್ಲಿ ಗುದ್ದಲಿ ಹಿಡಿದದ್ದು ನೆನಪಿದೆ, ಆದರೆ ಸೋತವನಾಗಿಯೋ ಗೆದ್ದವನಾಗಿಯೋ ತಿಳಿಯದು. ಮಧ್ಯಾಹ್ನ ಊಟಕ್ಕೆ ರೊಟ್ಟಿ, ಎಣಗಾಯಿ ಇತ್ತು. ಚೆನ್ನಾಗಿತ್ತು. ಇದನ್ನು ಮಾತ್ರ ಕೈ ತೊಳೆದ ಕೂಡಲೆ ಬರೆದಿಟ್ಟಿದ್ದೇನೆ.