ಮಾವನ ಮನೆಯ ಮೂರು ಸರ್ವೆ ಮರ

ಹಲಗೂರಿನಿಂದ ಮಂಡ್ಯಕ್ಕೆ ಎಷ್ಟು ಹೊತ್ತಿಗೆ ಬಸ್ಸು ಎಂದು ಕೇಳಿದರೆ ನನ್ನ ಸೋದರಮಾವ ತಲೆ ಕೆರೆದುಕೊಳ್ಳುತ್ತಿದ್ದ. ಪ್ರೊವಾನ್ಸಿನ ಬಗ್ಗೆ ಕೇಳಿ ನೋಡಬೇಕಿತ್ತು ನೀವು! ಫ್ರಾನ್ಸ್ ದೇಶದ ತೆಂಕಣಕ್ಕೆ, ಸಮುದ್ರದ ಪಕ್ಕ ಇರುವ ಆ ಸೀಮೆಯಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಬ್ರೆಡ್ಡನ್ನು ಮಗುಚಿ ಇಟ್ಟರೆ ಮುದುಕಿಯರು ಯಾಕೆ ಬೈಯುತ್ತಾರೆ, ಎಲ್ಲ ಹೇಳುತ್ತಿದ್ದ. ಕೇಳದಿದ್ದರೂ ಹೇಳುತ್ತಿದ್ದ.

ಮೊದಲ ಮಹಾಯುದ್ಧದಲ್ಲಿ ಸೈನ್ಯದ ಹೇಸರಗತ್ತೆಗಳನ್ನು ನೋಡಿಕೊಳ್ಳಲು ಹಡಗು ಹತ್ತಿದವನು ಅವನು. ಅವು ಪ್ರೊವಾನ್ಸಿನ ಒಂದು ಊರ ಹೊರಗೆ ಬೀಡುಬಿಟ್ಟಿದ್ದಾಗ ಒಂದು ಚಳಿಗಾಲ ಅಲ್ಲಿಯ ರೈತರೊಬ್ಬರ ಮನೆಯಲ್ಲಿದ್ದನಂತೆ. ಇದ್ದದ್ದು ನಾಲ್ಕು ತಿಂಗಳು, ಮಾತಾಡಿದ್ದು ಇಪ್ಪತ್ತೈದು ವರ್ಷ! ನಾನು ಹಲಗೂರಿಗೆ ಮೇಷ್ಟರಾಗಿ ಬಂದು ಅವನ ಮನೆಯಲ್ಲೇ ಉಳಿದುಕೊಂಡಿದ್ದರಿಂದ ಅದರ ದೊಡ್ಡ ಪಾಲು ನನ್ನ ಕಿವಿಗೇ ಬಿತ್ತು.

"ಅಲ್ಲಿ ಕ್ರಿಸ್‌ಮಸ್ ಊಟ ಆದ್ಮೇಲೆ ಅದಿಮೂರು ಥರ ಸಿಹಿ ಮಡುಗ್ತಾರೆ ಕಣಮ್ಮಿ. ಒಂದೂ ಕಮ್ಮಿ ಆಗಂಗಿಲ್ಲ," ಎಂದು ಒಮ್ಮೆ ಅತ್ತೆಗೆ ಹೇಳಿದ. ಯುಗಾದಿಯ ದಿನ ಅತ್ತೆ ಅವನ ಎಲೆಯ ತುದಿಗೆ ಹದಿಮೂರು ಬೆಲ್ಲದ ತುಂಡು ಸಾಲಾಗಿ ಜೋಡಿಸಿದಳು.

"ಎಲ್ಲಾ ಒಂದೇ ಥರ ಅದಲ್ಲಮ್ಮಿ!"

"ತಿಂದು ನೋಡಿ ಯೋಳು. ಬ್ಯಾರೆ ಬ್ಯಾರೆ ಆಲೆಮನೇದು."

ಮಾವ ಗಂಭೀರವಾಗಿ ಅಷ್ಟನ್ನೂ ತಿಂದ. ಏಳನೆಯದು ವಾಸಿ ಅಂದ.

ಇನ್ನೊಮ್ಮೆ ಎತ್ತಿನ ಕೊಂಬಿಗೆ ಕೆಂಪು ಪಟ್ಟಿ ಕಟ್ಟಿದ. ಅಲ್ಲಿ ಹೋರಿಯ ಕೊಂಬಿಗೆ ಹೀಗೇ ಕಟ್ಟಿ, ಅದಕ್ಕೆ ಒಂದು ಗಾಯವೂ ಆಗದಂತೆ ಗಂಡಸರು ಓಡಿಬಂದು ಕೀಳುತ್ತಾರಂತೆ. ಊರೆಲ್ಲ ಸೇರಿತು. ಮಾವ ಪಂಚೆ ಎತ್ತಿ ಕಟ್ಟಿ ಓಡಿಬಂದ. ಎತ್ತು ತಲೆ ತುರಿಸಲು ಬಂದನೆಂದುಕೊಂಡು ಕತ್ತು ಬಗ್ಗಿಸಿ ನಿಂತಿತು! ಪಟ್ಟಿ ಕಿತ್ತು ಕೈಯೆತ್ತಿದವನಿಗೆ ಅತ್ತೆ, "ಗೆದ್ದಿದ್ದು ಎತ್ತು. ಅದ್ಕೆ ಆರ ಆಕು," ಅಂದಳು. "ಅಲ್ಲೂ ಓರಿಗೇ ಕಣಮ್ಮಿ ಹೆಸರು!" ಎಂದು ಇವನಿಗೆ ಇನ್ನಷ್ಟು ಖುಷಿ.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಮರದ ವಿಷಯ ಹಾಗಲ್ಲ. ಆ ಸೀಮೆಯಲ್ಲಿ ಮನೆಯ ಮುಂದೆ ಒಂದು ಸೈಪ್ರೆಸ್ ಮರವಿದ್ದರೆ ದಾರಿಹೋಕನಿಗೆ ಕುಡಿಯಲು ಸಿಗುತ್ತದೆ, ಎರಡಿದ್ದರೆ ಊಟ, ಮೂರಿದ್ದರೆ ಹಾಸಿಗೆಯೂ ಉಂಟಂತೆ. ಬಾಯಿಬಿಟ್ಟು ಬೇಡುವ ಸಂಕೋಚವೇ ಇಲ್ಲ, ಎಣಿಸಿಕೊಂಡು ಒಳಗೆ ಬಂದರಾಯಿತು! ಮಾವ ಮದುವೆಯಾದ ವರ್ಷವೇ, ಸೈಪ್ರೆಸ್ ಸಿಗದೆ, ಅದರ ಹಾಗೇ ನೆಟ್ಟಗೆ ಬೆಳೆಯುವ ಮೂರು ಸರ್ವೆ ಸಸಿ ಮನೆ ಮುಂದೆ ನೆಟ್ಟಿದ್ದ. ಆದರೆ ಈ ಲೆಕ್ಕ ನಮ್ಮ ಕಡೆಯವರಿಗೆ ಹೇಗೆ ತಿಳಿಯಬೇಕು? ಅವನೇ ಮರದ ಕೆಳಗೆ ನಿಂತು ಪಾಠ ಹೇಳುತ್ತಿದ್ದ. ಮುತ್ತತ್ತಿ ಯಾತ್ರೆಗೆ ಬುತ್ತಿ ಕಟ್ಟಿಕೊಂಡು ಹೊರಟವರನ್ನೂ ಕರೆದು ಉಣ್ಣಿಸದೆ ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಎರಡನೆಯ ಯುದ್ಧ ಬಂತು, ಹಿಂದೆಯೇ ರೇಷನ್ನು ಬಂತು. ರಾಗಿ ಗುಡಾಣದ ತಳ ಕಂಡ ದಿನ ಅತ್ತೆ ಕೊಡಲಿ ತಂದಿಟ್ಟಳು.

"ಎರಡು ಮರ ಕಡಿ. ನೀರು ಬೇಕಾದಷ್ಟು ಕೊಡಾನ."

"ಒಂದು ಕಡೀತೀನಿ. ಊಟ ತಪ್ಪಿಸ್ಬ್ಯಾಡ."

"ಸರಿ ಬುಡು. ಮಲಗಿದೋನು ಬೆಳಿಗ್ಗೆ ಎದ್ದು ಇನ್ನೊಂದು ಕಿತ ಉಣ್ತಾನೆ. ಅದಾದ್ರೂ ಉಳೀತದೆ."

ಮರ ಬಿತ್ತು. ಮಾವ ಅವತ್ತು ಊಟ ಮಾಡಲಿಲ್ಲ. "ಅಲ್ಲಿ ನಂಗೆ ಜರ ಬಂದಿತ್ತು ಕಣ್ಲಾ. ಅವರ ಮಾತು ನಂಗೆ ಬರಾಕಿಲ್ಲ, ನನ್ನ ಮಾತು ಅವ್ರಿಗೆ ಬರಾಕಿಲ್ಲ. ಆ ಮನೆ ಮುಂದೆ ಮೂರು ಮರ ಇದ್ದೋ," ಎಂದ ನನಗೆ. ಅಷ್ಟು ವರ್ಷದಲ್ಲಿ ಇದೊಂದನ್ನು ಮಾತ್ರ ಅವನು ಹೇಳಿರಲಿಲ್ಲ.

ಮಾವನ ಲೆಕ್ಕವನ್ನು ಚಾಚೂ ತಪ್ಪದೆ ಕಲಿತಿದ್ದವರು ಒಬ್ಬರೇ, ಪಾತ್ರೆಗೆ ಕಲಾಯಿ ಹಾಕಲು ಮಳವಳ್ಳಿಯಿಂದ ಬರುತ್ತಿದ್ದ ಸಾಬರು. ಒಂದು ಸಂಜೆ ಸೋನೆ ಮಳೆಯಲ್ಲಿ ಜ್ವರದ ಮೈ ಹೊತ್ತು ಬಂದರು. ಮರ ನೋಡಿದರು. ಜಗುಲಿಯಲ್ಲಿ ಕೂತು ಅರ್ಧ ಮುದ್ದೆ ಉಂಡು, ಕೈತೊಳೆದು, ತಿದಿಯ ಗಂಟು ಹೆಗಲಿಗೇರಿಸಿ ಅಂಗಳಕ್ಕೆ ಇಳಿದೇಬಿಟ್ಟರು.

"ಎತ್ತಾಗಣ್ಣ ಒಂಟಿದ್ದು? ಮೈ ಸುಡ್ತಾ ಅದೆ!" ಎಂದಳು ಅತ್ತೆ.

"ಮರ ಎರಡೇ ಅವಲ್ಲಮ್ಮ. ಕಷ್ಟ ಇಲ್ದೆ ಯಾರೂ ಮರ ಕಡ್ಸಾಕಿಲ್ಲ. ಓಯ್ತೀನಿ."

ಅತ್ತೆ ಸೆರಗು ತಲೆಗೆಳೆದುಕೊಂಡು ಮಳೆಯಲ್ಲೇ ನಡೆದು, ಕಡಿದ ಮರದ ಬುಡದ ಮೇಲೆ ಹತ್ತಿ ನೆಟ್ಟಗೆ ನಿಂತಳು.

"ಈಗ ಎಣ್ಸಣ್ಣ," ಅಂದಳು.

ಸಾಬರು ಎಣಿಸಿ, ಕಣ್ಣೊರೆಸಿಕೊಂಡು ಒಳಗೆ ಬಂದರು. ಹಾಸಿಗೆ ಹಾಸಲು ಎದ್ದ ಮಾವ ಕಂಬ ಹಿಡಿದುಕೊಂಡು ಅತ್ತುಬಿಟ್ಟ.