ನನ್ನ ಇಂಜಿನ್ನಿಲ್ಲದ ಜೆಟ್ಟು

ಮನುಷ್ಯನಿಗೆ ಒಂದಲ್ಲ ಒಂದು ಹುಚ್ಚು ಇರಬೇಕು, ಆದರೆ ಅದು ಮಡಚಿಡಲು ಬರುವಂಥದ್ದಾಗಿರಬೇಕು. ಇದು ಐವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಕಂಡುಕೊಂಡ ಸತ್ಯ. ಇಸ್ಪೀಟಿನ ಹುಚ್ಚಿದ್ದವರು ಎಲೆ ಜೋಡಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಭಜನೆಯ ಹುಚ್ಚಿದ್ದವರು ತಾಳವನ್ನು ಚೀಲಕ್ಕಿಳಿಸುತ್ತಾರೆ. ಬಯಲಾಟದ ಹುಚ್ಚಿದ್ದ ನಮ್ಮ ಸೋದರಮಾವ ಕೂಡ ಬೆಳಗಾದ ಮೇಲೆ ಕಿರೀಟ ಬಿಚ್ಚಿ ಗೂಟಕ್ಕೆ ತೂಗುಹಾಕಿ, ಮುಖದ ಬಣ್ಣ ಅರ್ಧ ಇರುವಂತೆಯೇ ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಿದ್ದ. ನನ್ನ ಹುಚ್ಚಿಗೆ ಮಾತ್ರ ಐದಡಿ ರೆಕ್ಕೆ ಇದೆ. ಅದು ಮಡಚುವುದಿಲ್ಲ, ಗೂಟಕ್ಕೆ ನಿಲ್ಲುವುದಿಲ್ಲ, ಬಾಗಿಲಲ್ಲಿ ಓರೆ ಮಾಡದೆ ಒಳಗೂ ಬರುವುದಿಲ್ಲ. "ಹುಚ್ಚು ಬಿಡೋತನಕ ಮದುವಿ ಆಗಂಗಿಲ್ಲ, ಮದುವಿ ಆಗೋತನಕ ಹುಚ್ಚು ಬಿಡಂಗಿಲ್ಲ" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನ್ನ ಹುಚ್ಚು ಇನ್ನೂ ಗಾಳಿಪಟದಷ್ಟಿದ್ದಾಗಲೇ ಆ ಮಾತು ನಂಬಿ ಮನೆಯವರು ನನಗೆ ಮದುವೆ ಮಾಡಿದರು. ಗಾದೆಗೆ ಆದ ಅವಮಾನವನ್ನು ಇಪ್ಪತ್ತಾರು ವರ್ಷದಿಂದ ಗಿರಿಜಾ ಅನುಭವಿಸುತ್ತಿದ್ದಾಳೆ.

ನಾನು ಕೊಟ್ಟೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಕ್ಕಳಿಗೆ ಮಾವಿನಕಾಯಿ, ಹೂಜಿ, ಉದಯಿಸುವ ಸೂರ್ಯ ಬರೆಸಿ ಬರೆಸಿ ನನ್ನ ಕೈಗೆ ಬೇರೇನೋ ಬೇಕೆನಿಸಿತ್ತು. ಒಂದು ದಿನ ಮೊಬೈಲಿನಲ್ಲಿ ಯಾವುದೋ ದೇಶದ ಮುದುಕರು ಗುಡ್ಡದ ನೆತ್ತಿಯ ಮೇಲೆ ನಿಂತು ಯುದ್ಧವಿಮಾನದ ಮರಿಗಳನ್ನು ಗಾಳಿಗೆ ಎಸೆಯುವುದನ್ನು ನೋಡಿದೆ. ನೋಡಲು ಸಾಕ್ಷಾತ್ ಜೆಟ್ಟು. ಮೂತಿ, ಗಾಳಿ ನುಂಗುವ ಬಾಯಿ, ಹಿಂದೆ ಹೊಗೆ ಉಗುಳುವ ಕೊಳವೆ, ಒಂದೊಂದು ಮೊಳೆಯ ಗುರುತು ಕೂಡ ಅಳತೆಗೆ ಸರಿಯಾಗಿ. ಆದರೆ ಒಳಗೆ ಇಂಜಿನ್ ಇಲ್ಲ. ಬೀಸುವ ಗಾಳಿ ಗುಡ್ಡಕ್ಕೆ ಬಡಿದು ಮೇಲಕ್ಕೇರುತ್ತದಲ್ಲ, ಅದರ ಬೆನ್ನೇರಿ ಹಾರುತ್ತದೆ. ಕೆಳಗೆ ನಿಂತವನು ರಿಮೋಟಿನ ಎರಡು ಕಡ್ಡಿ ಹಿಡಿದು ತಿರುಗಿಸುತ್ತಾನೆ. ನನಗೆ ಮೈ ಜುಮ್ಮೆಂದಿತು. ಗುಡ್ಡ ನಮ್ಮಲ್ಲಿ ಬೇಕಾದಷ್ಟಿವೆ. ಗಾಳಿ ಇರುವುದಕ್ಕೆ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳೇ ಸಾಕ್ಷಿ. ಇಲ್ಲದ್ದೇನಿದ್ದರೂ ಇಂಜಿನ್. ಅದು ಬೇಕಾಗಿಯೇ ಇಲ್ಲವೆಂದ ಮೇಲೆ ಇನ್ನೇನು!

ಮೊದಲಿನ ಆರು ವಿಮಾನಗಳು ಹಾರಲಿಲ್ಲ ಎಂದು ಊರವರು ಹೇಳುತ್ತಾರೆ. ಅದು ತಪ್ಪು. ಹಾರಿದವು, ಆದರೆ ಕೆಳಮುಖವಾಗಿ. ಏಳನೆಯದನ್ನು ಶಾಸ್ತ್ರೋಕ್ತವಾಗಿ ಮಾಡಬೇಕೆಂದು ನಿರ್ಧರಿಸಿದೆ. ನಕ್ಷೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಮೂವತ್ತಾರು ಹಾಳೆಗಳಲ್ಲಿ ತೆಗೆಸಿ ಅಂಟಿಸಿದೆ. ಥರ್ಮಾಕೋಲು ಕೊಯ್ದು, ಉಪ್ಪುಕಾಗದದಿಂದ ತಿಕ್ಕಿ, ಖಾಕಿ ಕಾಗದಕ್ಕೆ ಬಿಳಿ ಗೋಂದು ಹಚ್ಚಿ ಮೈತುಂಬ ಹೊದಿಸಿದೆ. ಪೈಲಟ್ ಕೂರುವ ಗಾಜಿನ ಗೂಡಿಗೆ ಸೋಡಾ ಬಾಟಲಿಯನ್ನು ಬಿಸಿ ಮಾಡಿ ಎಳೆದೆ. ಹಿಂದಿನ ಹೊಗೆಕೊಳವೆ ಪೌಡರ್ ಡಬ್ಬಿಯದು. ಈಗಲೂ ಮೂಸಿದರೆ ಮಲ್ಲಿಗೆಯ ವಾಸನೆ ಬರುತ್ತದೆ. ಇದನ್ನೆಲ್ಲ ಮಾಡಲು ನಮ್ಮ ಮನೆಯಲ್ಲಿ ಸಮತಟ್ಟಾದ ಜಾಗವೆಂದರೆ ಮಂಚ ಒಂದೇ. ಹೀಗಾಗಿ ಎಂಟು ತಿಂಗಳು ಜೆಟ್ಟು ಮಂಚದ ಮೇಲೆ, ನಾವಿಬ್ಬರು ನೆಲದ ಮೇಲೆ. ಗೋಂದು ಒಣಗುವಾಗ ಧೂಳು ಕೂರಬಾರದೆಂದು ಅದಕ್ಕೆ ಸೊಳ್ಳೆಪರದೆ ಬೇರೆ. ಸೊಳ್ಳೆಗಳು ನಮಗೆ.

ಇಂಜಿನ್ನಿಲ್ಲದ ವಿಮಾನಕ್ಕೆ ಗ್ಲೈಡರ್ ಎನ್ನುತ್ತಾರೆ. ಓಣಿಯ ಹೆಂಗಸರಿಗೆ ಆ ಮಾತು ಗ್ರೈಂಡರ್ ಎಂದು ಕೇಳಿಸಿ, ಇಬ್ಬರು ಇಡ್ಲಿಗೆ ನೆನೆಹಾಕಿದ ಅಕ್ಕಿ ತಂದಿದ್ದರು. ಗಿರಿಜಾ ಅವರನ್ನು ಒಳಗೆ ಕರೆದು, ಪರದೆ ಸರಿಸಿ ತೋರಿಸಿ, "ನೋಡ್ರೆವ್ವ, ಬಾಣಂತಿ ಮಲಗ್ಯಾಳ" ಎಂದಳು. ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು.

"ರೀ, ನಾಗರ ಅಮಾಸಿ ಬಂತು. ಶ್ರಾವಣಕ್ಕ ಮನಿ ತೊಳೀಬೇಕು, ಮಂಚ ಖಾಲಿ ಆಗಬೇಕು. ಅಷ್ಟರಾಗ ಇದನ್ನ ನೀವು ಹಾರಸ್ರಿ. ಇಲ್ಲಂದ್ರ ನಾನ ಹಾರಸ್ತೀನಿ, ಮಾಳಿಗಿ ಮ್ಯಾಲಿಂದ."

"ಹಾರತೈತಿ ಬಿಡು."

"ಹಾರಲಿಲ್ಲಂದ್ರ?"

"ಹಾರಲಿಲ್ಲಂದ್ರ ಇನ್ನ ಮ್ಯಾಲ ಗೋಂದು, ಬ್ಲೇಡು ಮುಟ್ಟಂಗಿಲ್ಲ. ನಿನ್ನಾಣಿ."

ಆಣೆ ಇಟ್ಟ ಮೇಲೆ ದುಡುಕಿದೆನೆನಿಸಿತು. ಯಾಕೆಂದರೆ ನನಗೆ ಬೇರೆ ಚಟವಿಲ್ಲ. ಇದನ್ನೂ ಕಸಿದುಕೊಂಡರೆ ಉಳಿಯುವುದು ಮಾವಿನಕಾಯಿ, ಹೂಜಿ, ಉದಯಿಸುವ ಸೂರ್ಯ.

ಉಳಿದದ್ದು ಬಣ್ಣ. ಅದಕ್ಕೆ ಕಂಪ್ರೆಸರ್, ಗನ್ನು ಬೇಕು. ಅವೆರಡೂ ಇದ್ದದ್ದು ಪೇಂಟರ್ ಖಾಜಾಸಾಬರ ಹತ್ತಿರ. ಮೂವತ್ತು ವರ್ಷದಿಂದ ಸುತ್ತಲಿನ ಟ್ರ್ಯಾಕ್ಟರ್ ಟ್ರೇಲರುಗಳಿಗೆಲ್ಲ ಅವರದೇ ಬಣ್ಣ. ಹರಪನಹಳ್ಳಿಯಿಂದ ಹಡಗಲಿವರೆಗೆ ಯಾವ ಟ್ರೇಲರಿನ ಮೇಲೆ ನವಿಲು ಕಂಡರೂ ಅದರ ಕಣ್ಣು ಖಾಜಾಸಾಬರದೇ. ನಾನು ಜೆಟ್ಟನ್ನು ಕೂಸಿನಂತೆ ಎತ್ತಿಕೊಂಡು ಹೋಗಿ ಅವರ ಶೆಡ್ಡಿನ ಬೆಂಚಿನ ಮೇಲೆ ಇಟ್ಟೆ. ಅವರು ಕನ್ನಡಕ ಹಣೆಗೇರಿಸಿ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಬಗ್ಗಿ ಕೆಳಗೆ ನೋಡಿದರು.

"ಗಾಲಿ ಎಲ್ಲಿ ಅದಾವ್ರಿ ಮೇಷ್ಟ್ರ?"

"ಗಾಲಿ ಇಲ್ಲ ಸಾಹೇಬ್ರ. ಹೊಟ್ಟಿ ಮ್ಯಾಲ ಇಳೀತೈತಿ."

"ಇಂಜಿನ್?"

"ಇಂಜಿನ್ನೂ ಇಲ್ಲ. ಗಾಳಿ ಬಲದ ಮ್ಯಾಲ ಹೋಗತೈತಿ."

ಖಾಜಾಸಾಬರು ಎಲೆಯಡಿಕೆ ಉಗುಳಿ ಬಂದು ನಿಂತರು. ನಾನು ಬೂದಿ ಬಣ್ಣದ ಚಿತ್ರ ತೋರಿಸಿ ವಿವರಿಸಿದೆ: ಪೂರಾ ಬೂದಿ ಬಣ್ಣ, ಅದೂ ಬಿಸಿಲಿಗೆ ಮಾಸಿದಂತೆ. ಕೊಳವೆಯ ಸುತ್ತ ಹೊಗೆ ಹಿಡಿದಂತೆ ಮಸಿ. ರೆಕ್ಕೆಯ ಅಂಚಿನಲ್ಲಿ ಬಣ್ಣ ಕಿತ್ತುಹೋದಂತೆ. ಒಟ್ಟಿನಲ್ಲಿ ಇಪ್ಪತ್ತು ವರ್ಷ ದುಡಿದ ವಿಮಾನದಂತೆ ಕಾಣಬೇಕು. ನಿಜವಿಮಾನದ ತದ್ರೂಪಿನ ಸೊಗಸೆಲ್ಲ ಇರುವುದು ಅದರಲ್ಲೇ.

ಅವರ ಮುಖ ಚಿಕ್ಕದಾಯಿತು. "ಮೇಷ್ಟ್ರ, ಹಳೇದು ತಂದು ಹೊಸಾದು ಮಾಡು ಅಂದಾವ್ರನ್ನ ನೋಡೀನಿ. ಹೊಸಾದು ತಂದು ಹಳೇದು ಮಾಡು ಅಂದಾವ್ರು ನೀವ ಮೊದ್ಲು. ಯಾರಿಗರ ಸೆಕೆಂಡ್ ಹ್ಯಾಂಡ್ ಅಂತ ದಾಟಸಾಕತ್ತೀರೇನು?"

"ಇಲ್ರಿ, ಅದು ಹಂಗ ಇರಬೇಕು."

"ಇಂಜಿನ್ ಇಲ್ಲ, ಬ್ಯಾರೇದರ ಬಲದ ಮ್ಯಾಲ ಹೋಗತೈತಿ ಅಂದ್ರಿ ಹೌದಿಲ್ಲೋ? ಹಂಗಂದ್ರ ಅದು ಏನಾತು? ಟ್ರೇಲರ್ ಆತು. ಟ್ರೇಲರ್ ನನಗ ಬಿಡ್ರಿ. ನೀವು ಸಾಲಿಗೆ ಹೋಗ್ರಿ."

  ನಾನು ಚಿತ್ರವನ್ನು ಗೋಡೆಗೆ ಅಂಟಿಸಿ, ಬೆರಳಿಟ್ಟು ಮತ್ತೊಮ್ಮೆ ತೋರಿಸಿ ಬಂದೆ.

ನಾಲ್ಕು ದಿನ ಬಿಟ್ಟು ಹೋದಾಗ ಶೆಡ್ಡಿನೊಳಗೆ ಯಾವುದೋ ಮದುವೆಮನೆಯ ಕಳೆ. ನನ್ನ ಯುದ್ಧವಿಮಾನ ಮೆಣಸಿನಕಾಯಿ ಕೆಂಪಾಗಿತ್ತು. ಅಂಚಿಗೆ ಗಿಳಿಹಸಿರು, ಅದರೊಳಗೆ ಹಳದಿ ಬಳ್ಳಿ. ರೆಕ್ಕೆಗೊಂದರಂತೆ ಎರಡು ನವಿಲು, ಒಂದನ್ನೊಂದು ನೋಡುತ್ತಿದ್ದವು. ಗಾಳಿ ನುಂಗುವ ಎರಡೂ ಬಾಯಲ್ಲಿ ಕಮಲ. ಮೂತಿಯ ಮೇಲೆ "ಗುರುಕೃಪೆ", ಬಾಲದ ಮೇಲೆ ನಾಲಿಗೆ ಚಾಚಿದ ದೃಷ್ಟಿಬೊಂಬೆ. ಹೊಗೆಕೊಳವೆಯ ಮೇಲೆ ಅರ್ಧಚಂದ್ರಾಕಾರದಲ್ಲಿ "ಅಂತರ ಕಾಪಾಡಿ". ಹಿಂದಿನವರಿಗೆ ಕಾಣಲೆಂದು ರೇಡಿಯಂ ಪಟ್ಟಿಯನ್ನೂ ಅಂಟಿಸಿದ್ದರು. ನನಗೆ ಕಣ್ಣೀರು ಬಂತು. ಖಾಜಾಸಾಬರು ಅದನ್ನು ಆನಂದಬಾಷ್ಪವೆಂದು ತಿಳಿದು ನನ್ನ ಭುಜ ತಟ್ಟಿದರು.

"ಎಂಟು ಕೋಟ್ ಹೊಡದೀನ್ರಿ. ಮಳಿಗೆ ಬಗ್ಗಂಗಿಲ್ಲ. ನಂಬರ್ ಇನ್ನಾ ಬಂದಿಲ್ಲಲ್ಲ, ಇಲ್ಲಿ ಜಾಗ ಬಿಟ್ಟೀನಿ ನೋಡ್ರಿ."

ಎಂಟು ಕೋಟ್! ಹಾರುವ ವಸ್ತುವಿಗೆ ಬಣ್ಣವೆಂದರೆ ಭಾರ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದರೆ ಬಣ್ಣವೇ ಅರ್ಧ ಕಿಲೋ ತೂಗಿತು. ಕೆರೆದು ತೆಗೆಯಲು ಸಮಯವಿಲ್ಲ, ಮರುದಿನವೇ ಅಮಾವಾಸ್ಯೆ. ಗಿರಿಜಾ ಮಾತ್ರ ಜೆಟ್ಟನ್ನು ನೋಡಿ ಮೊದಲ ಬಾರಿಗೆ, "ಈಗ ನೋಡಾಕ ಒಂದು ಕಳಿ ಬಂತು" ಎಂದಳು. ಎಂಟು ತಿಂಗಳ ನನ್ನ ಕೆಲಸಕ್ಕೆ ಸಿಗದ ಪ್ರಶಸ್ತಿ ಎರಡು ನವಿಲಿಗೆ ಸಿಕ್ಕಿತು.

ಅಮಾವಾಸ್ಯೆಯ ದಿನ ಹೊತ್ತೇರುತ್ತಿದ್ದಂತೆ ಖಾಜಾಸಾಬರು ಯಾರದೋ ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಅದರ ಟ್ರೇಲರಿನಲ್ಲಿ ಹುಲ್ಲು ಹಾಸಿ, ನಡುವೆ ಜೆಟ್ಟು, ಈಚೆಗೆ ನಾನು, ಆಚೆಗೆ ಬುತ್ತಿಗಂಟು ಹಿಡಿದ ಗಿರಿಜಾ. ಅವಳು ಬಂದದ್ದು ಸಾಕ್ಷಿಗೆ. ಬಿದ್ದರೆ ಆಣೆ ಅಲ್ಲೇ ವಸೂಲಿ. ಊರಿನಾಚೆಯ ಬೋಳುಗುಡ್ಡದ ನೆತ್ತಿ ಮುಟ್ಟಿದಾಗ ಪಡುವಣ ಗಾಳಿ ಪಂಚೆ ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಅಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಕುರಿ ಕಾಯುತ್ತಿದ್ದ ಹಾಲಪ್ಪಜ್ಜ ಎದ್ದು ಬಂದು ನೋಡಿದ.

"ಇದೇನ್ರಪಾ, ಟ್ಯಾಕ್ಟರ್ ಮರಿ ಏನು?"

"ವಿಮಾನ, ಯಜ್ಜ."

"ಹೌದ? ತಾಯಿ ಎಲ್ಲೈತಿ?"

ನಾನು ರಿಮೋಟಿನ ಎರಡು ಕಡ್ಡಿ ಎರಡು ಕೈಯಲ್ಲಿ ಹಿಡಿದೆ. ಖಾಜಾಸಾಬರು ಬಿಸ್ಮಿಲ್ಲಾ ಎಂದು, ತಮ್ಮ ನವಿಲುಗಳನ್ನು ತಲೆಯ ಮೇಲೆತ್ತಿ, ಗಾಳಿಗೆ ಎದುರಾಗಿ ತಳ್ಳಿದರು. ಜೆಟ್ಟು ಗುಡ್ಡದ ಅಂಚಿನಿಂದ ಕೆಳಗೆ ಮಾಯವಾಯಿತು. ಗಿರಿಜಾ ನಿಟ್ಟುಸಿರು ಬಿಟ್ಟಳು. ಅದು ಸಮಾಧಾನದ್ದೋ ದುಃಖದ್ದೋ ಕೇಳಲು ಧೈರ್ಯವಾಗಲಿಲ್ಲ. ಮರುಕ್ಷಣ ಕೆಂಪು ಮೂತಿ ಮೇಲಕ್ಕೆ ಬಂತು. ಬಂತು, ಬಂತು, ನಮ್ಮ ತಲೆಯ ಮಟ್ಟ ದಾಟಿ, ಸುಂಯ್ ಎಂದು ಸೀಟಿ ಹೊಡೆಯುತ್ತ ಮೋಡದ ಕಡೆ ಹೊರಟಿತು. ನನ್ನ ಹಗುರ ವಿಮಾನಗಳನ್ನೆಲ್ಲ ತರಗೆಲೆಯಂತೆ ಹಿಂದಕ್ಕೆಸೆದು ಕೆಡವಿದ್ದ ಆಷಾಢದ ಗಾಳಿಯನ್ನು ಸೀಳಿಕೊಂಡು ಹೋಗಲು ಎಂಟು ಕೋಟ್ ಬಣ್ಣದ ಭಾರವೇ ಬೇಕಿತ್ತು. ಬೂದಿ ಬಣ್ಣವಿದ್ದಿದ್ದರೆ ಆ ಬೂದಿ ಮೋಡದಲ್ಲಿ ನನಗೆ ಕಾಣುತ್ತಲೂ ಇರಲಿಲ್ಲ. ಖಾಜಾಸಾಬರು ಟೋಪಿ ಹಿಡಿದುಕೊಂಡು, "ನೋಡ್ರಿ, ನೋಡ್ರಿ, ನವಿಲು ಹೆಂಗ ಹೊಂಟ್ಯಾವ!" ಎಂದು ಕುಣಿದರು. ನಾನು ಬಲಕ್ಕೆ ತಿರುಗಿಸಿದೆ, ಎಡಕ್ಕೆ ತಿರುಗಿಸಿದೆ, ಒಂದು ಪಲ್ಟಿ ಹೊಡೆಸಿದೆ. ಏಳು ವಿಮಾನಗಳ ಆಯುಷ್ಯದಲ್ಲಿ ಅಂಥ ಅರ್ಧ ಗಂಟೆ ನಾನು ಕಂಡಿರಲಿಲ್ಲ.

"ಆತು, ಗೆದ್ರಿ" ಎಂದಳು ಗಿರಿಜಾ. ಅವಳ ದನಿಯಲ್ಲೂ ಸ್ವಲ್ಪ ಹೆಮ್ಮೆ ಇತ್ತು. "ಇನ್ನ ಇಳಸ್ರಿ, ಊಟ ಮಾಡೂಣು."

ಆಗ ನನಗೆ ಹೊಳೆಯಿತು. ಇಳಿಸುವುದನ್ನು ನಾನು ಕಲಿತೇ ಇರಲಿಲ್ಲ! ಹಿಂದಿನ ಆರೂ ತಮ್ಮಷ್ಟಕ್ಕೆ ತಾವೇ ಇಳಿದಿದ್ದವು. ಆ ವಿಷಯದಲ್ಲಿ ನನ್ನ ಸಹಾಯ ಕೇಳಿರಲಿಲ್ಲ. ಈಗ ಮೂತಿ ಕೆಳಗೆ ಮಾಡಿ ನೆತ್ತಿಯ ಹತ್ತಿರ ತರುತ್ತೇನೆ, ಗಾಳಿ ಅಂಗೈಯಲ್ಲಿಟ್ಟು ಮತ್ತೆ ಮೇಲಕ್ಕೆತ್ತುತ್ತದೆ. ಹತ್ತು ಸಲ ತಂದೆ, ಹತ್ತು ಸಲವೂ ಅದು ಹೋಯಿತು. ಕೈ ಬಿಟ್ಟರೆ ಬಂಡೆಗೆ ಬಡಿದು ಚೂರು. ರಿಮೋಟಿನ ಮಾತು ಕೇಳಿ ರೆಕ್ಕೆ ಆಡಿಸುವ ಬ್ಯಾಟರಿ ಮುಗಿದರೂ ಚೂರು.

"ಇಳಸಾಕ ಬರವಲ್ದು" ಎಂದೆ, ಮೇಲೆ ನೋಡುತ್ತಲೇ.

"ಅಂದ್ರ?"

"ಕಲ್ತಿಲ್ಲ."

ಗಿರಿಜಾ ಸೆರಗು ಬಾಯಿಗೆ ಹಿಡಿದಳು. ನಗುವೋ ಅಳುವೋ ನೋಡಲು ನನಗೆ ಪುರುಸೊತ್ತಿರಲಿಲ್ಲ. ಮಧ್ಯಾಹ್ನ ಗಂಟೆ ಒಂದಾಯಿತು, ಒಂದೂವರೆಯಾಯಿತು. ಬೆಳಗಿನಿಂದ ಹೊಟ್ಟೆಗೇನೂ ಇಲ್ಲದೆ ನನ್ನ ಕೈ ನಡುಗತೊಡಗಿತು. ಅಲ್ಲಿ ಮೇಲೆ ನವಿಲುಗಳೂ ನಡುಗಿದವು. ಕೆಳಗಿನ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಗುಡ್ಡ ಹತ್ತಿ ಬಂದು ಕುಳಿತರು. ಗಿರಿಜಾ ಒಮ್ಮೆ ಅವರನ್ನು, ಒಮ್ಮೆ ನನ್ನ ಕೈಯನ್ನು ನೋಡಿದಳು. ಬುತ್ತಿಗಂಟು ಬಿಚ್ಚಿದಳು. ರೊಟ್ಟಿ ಮುರಿದು, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಚ್ಚಿ ನನ್ನ ಬಾಯಿಯ ಹತ್ತಿರ ತಂದಳು. "ಬಾಯಿ ತಗೀರಿ. ಮ್ಯಾಲ ನೋಡ್ರಿ, ನನ್ನ ಮಾರಿ ನೋಡಬ್ಯಾಡ್ರಿ."

ಮದುವೆಯ ದಿನ ಹಿರಿಯರ ಒತ್ತಾಯಕ್ಕೆ ಕೊಟ್ಟ ತುತ್ತು ಮೊದಲನೆಯದಾದರೆ ಇದು ಎರಡನೆಯದು. ಆಕಾಶ ನೋಡುತ್ತ ಎರಡು ರೊಟ್ಟಿ ತಿಂದೆ. ಹಾಲಪ್ಪಜ್ಜ ಸಂಕೋಚದಿಂದ ಆ ಕಡೆ ಮುಖ ಮಾಡಿದ. ಅವನ ಕುರಿಗಳು ಮಾಡಲಿಲ್ಲ.

ತುತ್ತು ಮುಗಿದ ಮೇಲೆ ಅಜ್ಜ ಕೆಮ್ಮಿ ಮಾತಾಡಿದ. "ಮೇಷ್ಟ್ರ, ಗಾಳಿಗೆ ಎದುರು ನಿಂತು ಕರದ್ರ ಅದು ಬರಂಗಿಲ್ರಿ. ನನ್ನ ಕುರಿ ಎಲ್ಲಿ ಮಲಗ್ಯಾವ ನೋಡ್ರಿ, ಬೆನ್ನ ಹಿಂದ ತಗ್ಗಿನ್ಯಾಗ. ಅಲ್ಲಿ ಗಾಳಿ ಸತ್ತಿರತೈತಿ. ಅಲ್ಲಿಗೆ ಒಯ್ರಿ, ತಾನ ಕುಂದರತೈತಿ."

ಮೊಬೈಲಿನ ಯಾವ ಮುದುಕನೂ ನನಗೆ ಇದನ್ನು ಹೇಳಿರಲಿಲ್ಲ. ಹೇಳಿದ್ದರೂ ಇಂಗ್ಲಿಷಿನಲ್ಲಿ ಹೇಳಿರಬೇಕು. ಅಜ್ಜ ಕುರಿಗಳನ್ನು ಎಬ್ಬಿಸಿ ಆಚೆಗಟ್ಟಿ, ಹೆಗಲ ಕಂಬಳಿ ಬಿಚ್ಚಿದ. ಒಂದು ಅಂಚಿಗೆ ಅವನು, ಒಂದಕ್ಕೆ ಖಾಜಾಸಾಬರು, ಒಂದಕ್ಕೆ ಗಿರಿಜಾ, ಇನ್ನೊಂದಕ್ಕೆ ಕಳೆ ಕೀಳುವ ಹೆಣ್ಣುಮಗಳೊಬ್ಬಳು ನಿಂತರು. ನಾನು ಜೆಟ್ಟನ್ನು ಅವರ ತಲೆಯ ಮೇಲಿನಿಂದ ಗುಡ್ಡದ ಹಿಂದಕ್ಕೆ ಒಯ್ದು ತಿರುಗಿಸಿದೆ. ಅದರ ಸೀಟಿ ನಿಂತಿತು. ಗಾಳಿಯೇ ಇಲ್ಲದ ಜಾಗದಲ್ಲಿ ಅದು ಒಂದು ಕ್ಷಣ ಯೋಚಿಸಿದಂತೆ ಮಾಡಿ, ದಪ್ಪೆಂದು ಕಂಬಳಿಗೆ ಬಿತ್ತು. ಒಂದು ನವಿಲಿನ ಕೊಕ್ಕು ಮುರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಖಾಜಾಸಾಬರು, "ಹತ್ತು ನಿಮಿಷದ ಕೆಲಸ ಬಿಡ್ರಿ" ಎಂದು ಕೊಕ್ಕನ್ನು ಸವರಿದರು.

ಮಂಚ ಖಾಲಿಯಾಯಿತು. ಜೆಟ್ಟು ಪಡಸಾಲೆಯ ಜಂತಿಗೆ ತೂಗಿತು. ಆಣೆಯಿಂದ ಪಾರಾಗಿ ಎಂಟನೆಯದರ ನಕ್ಷೆಯನ್ನೂ ಝೆರಾಕ್ಸಿಗೆ ಕೊಟ್ಟೆ. ಸೋಮವಾರ ಶಾಲೆಗೆ ಹೋಗುವಾಗ ನನ್ನ ನಡಿಗೆಯಲ್ಲಿ ಗತ್ತಿತ್ತು. ವಿಮಾನ ಹಾರಿದ ಸುದ್ದಿ ಊರಿಗೆಲ್ಲ ಮುಟ್ಟಿರಬೇಕಲ್ಲ!

ಊರಿಗೆ ಮುಟ್ಟಿದ ಸುದ್ದಿಯಲ್ಲಿ ವಿಮಾನವೇ ಇರಲಿಲ್ಲ. ಚಹಾದಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಸ್ಟಾಫ್ ರೂಮಿನಲ್ಲಿ ಒಂದೇ ಮಾತು: "ಏನ್ರಿ ಮೇಷ್ಟ್ರ, ಮನ್ಯಾಗ ನಾಚಿಗಿ ಅಂತ ಗುಡ್ಡ ಹತ್ತಿ ತುತ್ತು ತಿಂದ್ರಂತ?" ನಾನು ಎರಡೂ ಕೈಯಲ್ಲಿ ರಿಮೋಟ್ ಇತ್ತೆಂದೆ. "ಹೌದ್ ಹೌದು, ಏನರ ಒಂದು ನೆವ ಬೇಕಲ್ರಿ" ಎಂದರು.

ಗಿರಿಜಾಗೆ ಓಣಿಯ ಹೆಂಗಸರು ಇದನ್ನೇ ಆಡಿದ್ದಾರೆ. ಅವಳು ಸಿಟ್ಟಾಗುತ್ತಾಳೆಂದು ಕಾದೆ. ಆಗಲಿಲ್ಲ. ಬದಲಿಗೆ ಜಂತಿಯ ಕಡೆ ನೋಡುತ್ತ, "ಬರೋ ಐತ್ವಾರ ಗಾಳಿ ಇರತೈತೇನ್ರಿ? ರಿಮೋಟ್ ನನ್ನ ಕಡಿಗೆ ಇರ್ಲಿ. ರೊಟ್ಟಿ ನೀವು ಮುರೀರಿ" ಎಂದಳು. ಅಭ್ಯಾಸಕ್ಕೆಂದು ನಿನ್ನೆ ಅಡುಗೆಮನೆಯಲ್ಲಿ, ಬಾಗಿಲು ಮುಂದೆ ಮಾಡಿ, ಒಂದು ತುತ್ತು ಕೊಡಲು ಹೋದೆ. ಚಟ್ನಿ ಅವಳ ಮೂಗುತಿಗೆ ಹತ್ತಿತು.