ಅತ್ತೆ ಕುದಿಸಿದ ಜೀವಾಣುಗಳು

ಅತ್ತೆಗೂ ಕೋಳಿ ಡಾಕ್ಟರಿಗೂ ಮೊದಲ ಭೇಟಿಯಾದದ್ದು ಸೊಸೆಯ ಬ್ರಾಯ್ಲರ್ ಶೆಡ್ಡಿನ ಬಾಗಿಲಲ್ಲಿ. "ಬೂಟು ಹೊರಗೆ! ಒಳಗಿನ ಚಪ್ಪಲಿ ಬೇರೆ!" ಎಂದು ಅತ್ತೆ ಗದರಿದ ರಭಸಕ್ಕೆ ಡಾಕ್ಟರು ಕಾಲುಚೀಲವನ್ನೂ ಕಳಚಿಬಿಟ್ಟರು.

ಒಳಗೆ ಮರಿಗಳು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದಿದ್ದವು. ಹಿಕ್ಕೆಯಲ್ಲಿ ರಕ್ತ. "ಹೋದ ಸಲದ ಮರಿಗಳೂ ಹೀಗೇ ಹೋದ್ವು ಸರ್. ಇವೂ ಹೋದ್ರೆ ಶೆಡ್ಡಿಗೆ ಬೀಗ ಜಡೀತೀನಿ," ಎಂದಳು ಸೊಸೆ.

"ಕರುಳಲ್ಲಿ ಪರಾವಲಂಬಿ ಸೇರ್ಕೊಂಡಿದೆ. ಅದನ್ನ ಕೊಲ್ಲೋಕೆ ಈ ಔಷಧಿ. ಆಮೇಲೆ ಕರುಳು ಚೇತರಿಸ್ಕೊಳ್ಳೋಕೆ ಈ ಪ್ರೋಬಯಾಟಿಕ್ ಪುಡಿ. ಕುಡಿಯೋ ನೀರಿಗೆ ಬೆರೆಸಿ."

"ಪುಡಿ ನನಗೆ ಬಿಡಿ!" ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಇನ್ನೊಂದು ಕ್ರಿಮಿ ಇಲ್ಲಿ ತಲೆ ಎತ್ತಲಿ, ನೋಡೇಬಿಡ್ತೀನಿ!"

ಔಷಧಿ ಮುಗಿದು ಪುಡಿಯ ಸರದಿ ಬಂತು. ಅತ್ತೆ ಹಂಡೆಯಲ್ಲಿ ನೀರು ಕೊತಕೊತ ಕುದಿಸಿ, ಪುಡಿ ಸುರಿದು, ಆರಿಸಿ, ಬಟ್ಟೆಯಲ್ಲಿ ಸೋಸಿ ಇಟ್ಟರು. ಮಕ್ಕಳಿಗೇ ಹಸಿನೀರು ಕೊಡದ ಕೈ, ಮರಿಗಳಿಗೆ ಕೊಟ್ಟೀತೇ? ಮರಿಗಳು ಕುಡಿದವು, ಗೆಲುವು ಮಾತ್ರ ಬರಲಿಲ್ಲ. ಅತ್ತೆ ಸೋಲುವವರೇ? ಮರುದಿನ ಇನ್ನಷ್ಟು ಹೊತ್ತು ಕುದಿಸಿದರು!

ಮತ್ತೆ ಬಂದ ಡಾಕ್ಟರು ಹಂಡೆ ಕಂಡು ಹೌಹಾರಿದರು. "ಅಮ್ಮಾ, ಪುಡಿಯಲ್ಲಿರೋದು ಜೀವಂತ ಜೀವಾಣು! ಅಷ್ಟನ್ನೂ ಬೇಯಿಸಿಬಿಟ್ರಲ್ಲ!"

"ಕ್ರಿಮಿಯಲ್ಲಿ ಒಳ್ಳೇದು ಅಂತ ಬೇರೆ ಇರ್ತದೇನಪ್ಪಾ?"

"ಮೊಸರಲ್ಲಿ ಇಲ್ವಾ?"

ಅತ್ತೆ ಹಂಡೆಯೊಳಗೆ ಇಣುಕಿದರು. "ಅತ್ತೆ, ನೀವು ಶೆಡ್ ಉಳಿಸ್ತೀರೋ, ಮುಚ್ಚಿಸ್ತೀರೋ?" ಎಂದ ಸೊಸೆ, ಅವರ ಕಣ್ಣು ತುಂಬಿದ್ದು ಕಂಡು ಕೈ ಹಿಡಿದುಕೊಂಡಳು. "ಹೋಗ್ಲಿ ಬಿಡಿ. ನಾಳೆಯಿಂದ ಇಬ್ರೂ ಸೇರಿ ಬೆರೆಸೋಣ. ತಣ್ಣೀರಲ್ಲಿ!"

ಅಂದಿನಿಂದ ಅತ್ತೆ ಬೇರೆಯೇ ಆದರು. ಪುಡಿಯ ಪೊಟ್ಟಣವನ್ನು ಹಸುಗೂಸಿನಂತೆ ತಂಪಾದ ನೆರಳಲ್ಲಿ ಮಲಗಿಸಿದರು. "ಮೆಲ್ಲಗೆ ತಿರುವೇ, ಅವಕ್ಕೆ ತಲೆ ಸುತ್ತೀತು!" ಎಂದು ಸೊಸೆಯನ್ನೇ ಗದರಿದರು. ಪುಡಿ ಬೆರೆಸುವ ನೀರಿಗೆ ಬ್ಲೀಚಿಂಗ್ ಬೇಡವೆಂದು ಡಾಕ್ಟರು ಫೋನಿನಲ್ಲಿ ಹೇಳಿದ್ದೇ ತಡ, ಮನೆಯ ಸೋಪು, ಫಿನೈಲುಗಳೂ ಅಟ್ಟ ಸೇರಿದವು!

ಮರಿಗಳು ನಿಧಾನಕ್ಕೆ ಮೂಲೆ ಬಿಟ್ಟವು, ಮೇವಿಗೆ ಮುಗಿಬಿದ್ದವು. "ಶೆಡ್ ಉಳೀತು ಅತ್ತೆ!" ಎಂದು ಸೊಸೆ ತಬ್ಬಿಕೊಂಡಳು. ಡಾಕ್ಟರನ್ನು ಊಟಕ್ಕೆ ಕರೆದರು. ಶೆಡ್ಡಿನಲ್ಲಿ ಮರಿಗಳನ್ನು ಪರೀಕ್ಷಿಸಿ, ಮೊಣಕೈವರೆಗೆ ಹಿಕ್ಕೆ ಮೆತ್ತಿಕೊಂಡು ನಲ್ಲಿಯ ಬಳಿ ಬಂದ ಡಾಕ್ಟರು ಸೋಪಿಗಾಗಿ ತಡಕಾಡಿದರು.

"ಅದೆಲ್ಲ ಬಿಟ್ಟಾಯ್ತು ಡಾಕ್ಟ್ರೇ," ಅತ್ತೆ ಹೆಮ್ಮೆಯಿಂದ ಹೇಳಿದರು. "ಈಗ ನಮ್ಮನೇಲಿ ಒಂದು ಸಣ್ಣ ಜೀವಕ್ಕೂ ತೊಂದ್ರೆ ಕೊಡಲ್ಲ!"

ಡಾಕ್ಟರು ತಮ್ಮ ಕೈಯನ್ನೊಮ್ಮೆ, ಹಬೆಯಾಡುವ ಅನ್ನವನ್ನೊಮ್ಮೆ ನೋಡಿದರು.

"ಸಂತೋಷ ಅಮ್ಮಾ. ಮತ್ತೆ ನನ್ನ ಜೀವಕ್ಕೆ?"